ಬಾತಿ ಕೆರೆ ಕೆಳಗಿನ ಏತದ ಜೋಡಿ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಗೋಣಿಚೀಲ ಹೊಲಿಯುವ ಒಂದು ಸಣ್ಣ ಕಾರ್ಖಾನೆ ಇತ್ತು. ಅದರ ಗೇಟು ಕಾಯುತ್ತಿದ್ದವನು ಹತ್ತಿರದ ಬಾತಿ ಊರಿನ ಉಚ್ಚಂಗೆಪ್ಪ. ಅರವತ್ತು ದಾಟಿದ ಆಳು, ಇನ್ನೂ ಗಟ್ಟಿಯಾಗಿದ್ದ. ಬೆಳಿಗ್ಗೆ ಹೆಂಡತಿ ಓಬವ್ವ ಕಟ್ಟಿಕೊಟ್ಟ ಬುತ್ತಿಯನ್ನು ಸೈಕಲ್ಲಿನ ಹ್ಯಾಂಡಲಿಗೆ ನೇತುಹಾಕಿಕೊಂಡು ಬಂದರೆ ಸಂಜೆ ಸೈರನ್ನು ಕೂಗಿದ ಮೇಲೆ ಹಿಂದಿರುಗುತ್ತಿದ್ದ. ಗೇಟಿನ ಎರಡೂ ಬದಿಯ ಕಣಗಿಲೆ, ದಾಸವಾಳದ ಗಿಡಗಳಿಗೆ ನೀರು ಬಿಡುವುದೂ ಅವನ ಪಾಲಿಗೇ ಬಂದಿತ್ತು. ಆ ಕೆಲಸವನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಗಿಡ ಒಣಗುವುದನ್ನು ನೋಡಲಾರದೆ ತಾನೇ ಹಚ್ಚಿಕೊಂಡಿದ್ದ. ಪೈಪಿನ ನೀರು ಪಾತಿ ತುಂಬಿ ಅಂಚು ಮುಟ್ಟುವವರೆಗೆ ಕುಕ್ಕರಗಾಲಲ್ಲಿ ಕೂತಿರುತ್ತಿದ್ದ. ಆಗ ಯಾರು ಕರೆದರೂ ಅವನಿಗೆ ಕೇಳಿಸುತ್ತಿರಲಿಲ್ಲ.

ಸಾವಿರದ ಒಂಬೈನೂರ ತೊಂಬತ್ತೆಂಟರ ಯುಗಾದಿ ಕಳೆದು ಒಂದು ವಾರವಾಗಿತ್ತು. ಕಾರ್ಖಾನೆಯ ಬೋರಿನ ಮೋಟರು ಸುಟ್ಟುಹೋಯಿತು. ರಿಪೇರಿಗೆ ಹರಿಹರದಿಂದ ಖುದ್ದೂಸ್ ಬಂದ. ಪಿ.ಬಿ. ರಸ್ತೆಯಲ್ಲಿ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿ ಕಟ್ಟುವ ಅಂಗಡಿ ಅವನದು. ತಂದೆಯ ಕಾಲದ್ದು. ಜೊತೆಗೆ ಇಬ್ಬರು ಆಳುಗಳು, ಮೂರು ಕಾಲಿನ ಕಬ್ಬಿಣದ ಕಂಬ, ಸರಪಳಿ. ಬೋರಿನೊಳಗೆ ಇಳಿಬಿಟ್ಟ ಪೈಪುಗಳನ್ನು ಒಂದೊಂದಾಗಿ ಮೇಲೆಳೆದು, ತಿರುಪು ಬಿಚ್ಚಿ, ನೆಲಕ್ಕೆ ಮಲಗಿಸಬೇಕು. ಕೊನೆಯ ಪೈಪಿನ ತುದಿಗೆ ಮೋಟರು ಬರುತ್ತದೆ.

ಉಚ್ಚಂಗೆಪ್ಪ ಗೇಟಿನ ನೆರಳಲ್ಲಿ ಕೂತು ನೋಡುತ್ತಿದ್ದ. ಮೊದಲ ಪೈಪು ಮೇಲೆ ಬಂದಾಗ ಖುದ್ದೂಸ್ "ಲಾಭ" ಅಂದ. ಕಾಳು ಅಳೆಯುವವರು ಒಂದು ಅನ್ನದೆ ಲಾಭ ಅನ್ನುವುದು ಎಲ್ಲ ಕಡೆಯೂ ಉಂಟು, ಅದರಲ್ಲಿ ವಿಶೇಷವೇನಿರಲಿಲ್ಲ. ಎರಡು, ಮೂರು ಎಂದು ಎಣಿಕೆ ಸಾಗಿತು. ಏಳು ಪೈಪು ದಾಟುತ್ತಲೇ ಕೆಲಸ ಬಿಗಿಯಾಯಿತು. ಸರಪಳಿ ಎಳೆಯುವವರಿಗೆ ಹುರುಪು ತುಂಬಲು ಖುದ್ದೂಸ್ ರಾಗ ತೆಗೆದ.

"ಎಂಟಕ್ಕ ನಂಟರು ಬಂದ್ರು. ಒಂಬತ್ತಕ್ಕ ತಂಬಿಟ್ಟು ತಿಂದ್ರು. ಹತ್ತಕ್ಕ ಎದ್ದು ನಡೆದ್ರು."

ಉಚ್ಚಂಗೆಪ್ಪ ಗೋಡೆ ಹಿಡಿದು ಎದ್ದು ನಿಂತ. ಮುಂದಿನ ಸಾಲು ಏನೆಂದು ಅವನಿಗೆ ಗೊತ್ತಿತ್ತು. ಹನ್ನೊಂದನೆಯ ಪೈಪು ನೀರು ಸುರಿಸುತ್ತ ಮೇಲೆ ಬಂತು.

"ಹನ್ನೊಂದಕ್ಕ ಉಚ್ಚಂಗಿಗೆ ತೂಕಡಿಕೆ!" ಎಂದು ಖುದ್ದೂಸ್ ಹಾಡಿದ.

ಆ ಸಾಲು ಹುಟ್ಟಿದ್ದು ಉಚ್ಚಂಗೆಪ್ಪನ ಮದುವೆಯಾದ ಹೊಸತರಲ್ಲಿ, ಬಾತಿ ಕೆರೆಯ ಏರಿಯ ಕೆಳಗೆ, ಶಿವಯೋಗಪ್ಪ ಸಾಹುಕಾರರ ವೀಳ್ಯದೆಲೆ ತೋಟದ ಬಾವಿಯ ದಡದಲ್ಲಿ. ಕಟ್ಟಿದವನು ಲಿಂಗಣ್ಣ.

ಲಿಂಗಣ್ಣ ಉಚ್ಚಂಗೆಪ್ಪನಿಗಿಂತ ಎರಡು ವರ್ಷಕ್ಕೆ ಚಿಕ್ಕವನು, ಅದೇ ಕೇರಿಯವನು. ಇಬ್ಬರೂ ಹದಿನಾರು ವರ್ಷ ಒಂದೇ ಏತ ಹೊಡೆದರು. ಕೆರೆಯ ಬುಡದ ತೋಟವಾದ್ದರಿಂದ ನೀರು ಮೇಲೇ ಇತ್ತು, ಎತ್ತು ಕಟ್ಟಿ ಕಪಿಲೆ ಹೊಡೆಯುವಷ್ಟು ಆಳವಿರಲಿಲ್ಲ. ಏತ ಸಾಕಾಗುತ್ತಿತ್ತು. ಬಾವಿಯ ಪಕ್ಕ ಕವಲೊಡೆದ ಎತ್ತರದ ಕಂಬ. ಅದರ ಮೇಲೆ ತಕ್ಕಡಿಯ ದಂಡಿಗೆಯಂತೆ ಅಡ್ಡಲಾಗಿ ಕೂತ ಉದ್ದನೆಯ ಮರ. ಮರದ ಒಂದು ತುದಿಯಿಂದ ಬಾವಿಯೊಳಕ್ಕೆ ಬಿದಿರಿನ ಗಳ, ಗಳದ ತುದಿಗೆ ತಗಡಿನ ಬಾನಿ. ಲಿಂಗಣ್ಣ ಮರದ ಮೇಲೆ ನಡೆಯುವವನು. ಅವನು ಬಾವಿಯ ಕಡೆ ನಡೆದರೆ ಬಾನಿ ಇಳಿದು ಮುಳುಗುತ್ತಿತ್ತು, ಹಿಂದಕ್ಕೆ ನಡೆದರೆ ತುಂಬಿಕೊಂಡು ಏಳುತ್ತಿತ್ತು. ಉಚ್ಚಂಗೆಪ್ಪ ದಡದಲ್ಲಿ ನಿಂತು ಗಳ ಹಿಡಿಯುವವನು. ಬಾನಿ ಬಾವಿಯ ಗೋಡೆಗೆ ತಾಗದಂತೆ ನಡೆಸಿ, ಮೇಲೆ ಬಂದದ್ದನ್ನು ಕಾಲುವೆಗೆ ಬಗ್ಗಿಸಿ, "ಸುರಿದೆ" ಎಂದು ಕೂಗಬೇಕು. ಆ ಕೂಗು ಕೇಳಿದ ಮೇಲೆ ಮೇಲಿನವನು ತಿರುಗಿ ಹೆಜ್ಜೆ ಇಡಬೇಕು. ಹಿಡಿಯಲು ಬಿದಿರಿನ ಒಂದು ತಡಿಕೆ ಇತ್ತು, ಆದರೆ ಲಿಂಗಣ್ಣ ಅದನ್ನು ಮುಟ್ಟುತ್ತಿರಲಿಲ್ಲ. ಗೆಳೆಯನ ಕೂಗನ್ನೇ ನಂಬಿ ನಡೆಯುತ್ತಿದ್ದ.

ತೋಟ ಒಂದು ಸುತ್ತು ನೆನೆಯಬೇಕಾದರೆ ಏಳುನೂರು ಬಾನಿ ಬೇಕು. ಎಣಿಕೆ ಲಿಂಗಣ್ಣನದು. ಬರೀ ಎಣಿಸಿದರೆ ಹೊತ್ತು ಹೋಗುವುದಿಲ್ಲವೆಂದು ಒಂದೊಂದು ಅಂಕಿಗೂ ಒಂದೊಂದು ಮಾತು ಪೋಣಿಸಿದ್ದ. ಮದುವೆಯಾಗಿ ಹದಿನೈದು ದಿನಕ್ಕೆ ಉಚ್ಚಂಗೆಪ್ಪ ಗಳ ಹಿಡಿದಲ್ಲೇ ನಿಂತು ನಿದ್ದೆ ಹೋದ. ಆವತ್ತಿನಿಂದ ಹನ್ನೊಂದರ ಪಕ್ಕದಲ್ಲಿ ಅವನ ಹೆಸರು ಬಂದು ಕೂತಿತು. ನೀರು ತಿರುವಲು ಬಂದ ಓಬವ್ವ ಪ್ರತಿ ನೂರರಲ್ಲೂ ಅದನ್ನು ಕೇಳಿ ಬದುವಿನ ಮೇಲೆ ನಿಂತು ನಗುತ್ತಿದ್ದಳು. ಹುಸಿಮುನಿಸು ತೋರಿಸಿ, "ಲಿಂಗಣ್ಣಾ, ನಮ್ಮೋರನ್ನ ಎಷ್ಟು ಸಲ ಮಲಗಿಸ್ತೀಯೋ?" ಅನ್ನುತ್ತಿದ್ದಳು.

"ನಿನ್ನ ಕೇಳ್ಬೇಕವ್ವ ಅದನ್ನ!" ಎಂದು ಮೇಲಿನಿಂದ ಉತ್ತರ ಬರುತ್ತಿತ್ತು.

ಎಪ್ಪತ್ನಾಲ್ಕನೇ ಇಸವಿಯ ಮಾಘದಲ್ಲಿ ಶಿವಯೋಗಪ್ಪನವರು ತೋಟಕ್ಕೆ ಕರೆಂಟು ತಂದರು. ಕಂಬ ನೆಟ್ಟಾಯಿತು, ತಂತಿ ಎಳೆದಾಯಿತು. ಒಂದು ಬೆಳಿಗ್ಗೆ ಹಸಿರು ಬಣ್ಣದ ಹೊಸ ಪಂಪು ಗಾಡಿಯಲ್ಲಿ ಬಂತು. ಕುಂಕುಮ ಹಚ್ಚಿ ಚೆಂಡುಹೂವಿನ ಹಾರ ಹಾಕಿದ್ದರು. ಕೆರೆಯ ಏರಿ ಇಳಿದು ಗಾಡಿ ಬರುವಾಗ ಉಚ್ಚಂಗೆಪ್ಪ ಮುಖ ತಿರುಗಿಸಿ ನೋಡಿದ. ನೋಡಿದ್ದು ಎರಡು ಉಸಿರಿನಷ್ಟು ಹೊತ್ತು. ಅಷ್ಟರಲ್ಲಿ ಏಳುತ್ತಿದ್ದ ತುಂಬಿದ ಬಾನಿ ಬಾವಿಯ ಗೋಡೆಯ ಚಾಚುಗಲ್ಲಿನ ಕೆಳಗೆ ಸಿಕ್ಕಿಕೊಂಡಿತು. ಮೇಲೆ ಲಿಂಗಣ್ಣ ಹಿಂದಕ್ಕೆ ಹೆಜ್ಜೆ ಇಟ್ಟ, ಮರ ಬಗ್ಗಲಿಲ್ಲ. ಮೈಭಾರವನ್ನೆಲ್ಲ ಹಾಕಿ ಇನ್ನೊಂದು ಹೆಜ್ಜೆ ಇಟ್ಟ. ಬಾನಿ ತಟ್ಟನೆ ಕಳಚಿಕೊಂಡಿತು. ಮರದ ಹಿಂತುದಿ ದಡಾರನೆ ನೆಲಕ್ಕೆ ಬಡಿಯಿತು. ಲಿಂಗಣ್ಣ ಕಾಲುವೆಯ ಕಲ್ಲುಗಳ ಮೇಲೆ ಬಿದ್ದ.

ಪಂಪು ತಂದ ಗಾಡಿಯಲ್ಲೇ ಅವನನ್ನು ದಾವಣಗೆರೆಯ ಆಸ್ಪತ್ರೆಗೆ ಒಯ್ದರು. ಬಲಗಾಲಿನ ಮಂಡಿ ಚೂರಾಗಿತ್ತು. ಕಾಲು ಉಳಿಯಿತು, ಆದರೆ ಮಡಿಸಲು ಬಾರದೆ ಕೋಲಿನಂತಾಯಿತು. ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ಹರಿಹರದಲ್ಲಿದ್ದ ಅಕ್ಕ ಬಂದು ಕರೆದುಕೊಂಡು ಹೋದಳು.

ಇತ್ತ ಏತ ನಿಂತುಹೋಯಿತು. ಹೊಸ ಪಂಪಿನ ಗುಂಡಿ ಒತ್ತುವ ಕೆಲಸವನ್ನು ಶಿವಯೋಗಪ್ಪನವರು ಉಚ್ಚಂಗೆಪ್ಪನಿಗೇ ಕೊಟ್ಟರು. ಬೇಡವೆನ್ನಲು ಅವನಿಗೆ ಬಾಯಿ ಬರಲಿಲ್ಲ. ಮನೆಯಲ್ಲಿ ಉಣ್ಣುವ ಬಾಯಿಗಳಿದ್ದವು. ಏಳುನೂರು ಬಾನಿಯ ನೀರು ಈಗ ಅವನು ಒಂದು ಬೀಡಿ ಸೇದಿ, ಇನ್ನೊಂದಕ್ಕೆ ಬೆಂಕಿ ಹಚ್ಚುವಷ್ಟರಲ್ಲಿ ತೋಟಕ್ಕೆ ಹರಿದುಬಿಡುತ್ತಿತ್ತು. ಉಳಿದ ಹೊತ್ತು ಸುಮ್ಮನೆ ಕೂರಬೇಕು. ಪಂಪಿನ ಸದ್ದಿನಲ್ಲಿ ಹಕ್ಕಿಯ ದನಿಯೂ ಕೇಳುತ್ತಿರಲಿಲ್ಲ.

ಲಿಂಗಣ್ಣನನ್ನು ನೋಡಿ ಬರಬೇಕೆಂದು ಮೊದಲ ವಾರ ಅಂದುಕೊಂಡ. ಏನೆಂದು ಹೇಳುವುದು? ಪಂಪು ನೋಡುತ್ತಿದ್ದೆ, ಅದಕ್ಕೆ ನಿನ್ನ ಕಾಲು ಹೋಯಿತು, ಈಗ ಆ ಪಂಪು ನನ್ನ ಕೈಗೇ ಬಂದಿದೆ ಅನ್ನುವುದೇ? ಮುಂದಿನ ವಾರ ಹೋದರಾಯಿತು ಅಂದ. ಸುಗ್ಗಿ ಕಳೆಯಲಿ ಅಂದ. ಒಂದು ವರ್ಷವಾದ ಮೇಲೆ, ಇಷ್ಟು ದಿನ ಬಾರದವನು ಈಗ ಯಾಕೆ ಬಂದೆ ಅಂದಾನೆಂಬ ಅಳುಕು ಸೇರಿಕೊಂಡಿತು. ಬಾತಿಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯೂ ಬೇಡ. ಓಬವ್ವನೊಡನೆ ಅಮಾವಾಸ್ಯೆಗೆ ಉಕ್ಕಡಗಾತ್ರಿಯ ಕರಿಬಸವಜ್ಜನಿಗೆ ಹೋಗುವಾಗ ಬಸ್ಸು ಹರಿಹರದ ಮೇಲೇ ಹೋಗುತ್ತಿತ್ತು. ಅಕ್ಕನ ಮನೆ ಬಂದಾಗ ಉಚ್ಚಂಗೆಪ್ಪ ತಲೆ ಬಗ್ಗಿಸಿ ಕೂರುತ್ತಿದ್ದ. ಓಬವ್ವ ಕಂಡೂ ಕಾಣದಂತೆ ಇರುತ್ತಿದ್ದಳು. ಆಮೇಲೊಂದು ದಿನ ಆ ಅಕ್ಕ ತೀರಿಕೊಂಡಳೆಂದೂ ಲಿಂಗಣ್ಣ ಎಲ್ಲಿಗೋ ಹೋದನೆಂದೂ ಸುದ್ದಿ ಬಂತು. ಅಲ್ಲಿಗೆ ದಾರಿ ಮುಚ್ಚಿದಂತಾಯಿತು.

ಇಪ್ಪತ್ತನಾಲ್ಕು ವರ್ಷದ ಮೇಲೆ ಈಗ, ಕರೂರಿನ ಬಿಸಿಲಲ್ಲಿ, ಯಾರೋ ಒಬ್ಬ ಮೋಟರಿನವನ ಬಾಯಲ್ಲಿ ಆ ಎಣಿಕೆ.

ಉಚ್ಚಂಗೆಪ್ಪ ಹತ್ತಿರ ಹೋಗಿ ನಿಂತ. "ಸಾಬ್ರೇ, ಈ ಹಾಡು ನಿಮಗೆ ಎಲ್ಲಿ ಸಿಕ್ತು?"

"ಹಾಡಲ್ಲ ಬಿಡು ಅಜ್ಜಾ, ಲೆಕ್ಕ ಅದು," ಎಂದು ಖುದ್ದೂಸ್ ಎಣ್ಣೆಗೈ ಒರೆಸಿಕೊಂಡ. "ನಮ್ಮಂಗ್ಡೀಲಿ ಲಿಂಗಣ್ಣ ಚಾಚಾ ಅಂತ ಅದಾರೆ. ಕಾಯಿಲ್ ಸುತ್ತೋರು. ಅಬ್ಬಾ ಇದ್ದಾಗಿಂದ್ಲೂ ಅದಾರೆ. ತಂತಿ ಎಷ್ಟು ಸುತ್ತು ಬಂತು ಅಂತ ಹಿಂಗೇ ಎಣಿಸ್ತಾರೆ. ಕೇಳಿ ಕೇಳಿ ನಮಗೂ ಬಾಯಿಗ್ ಬಂದ್ಬಿಟ್ಟೈತೆ."

"ಹನ್ನೊಂದಕ್ಕೆ..." ಎಂದು ಉಚ್ಚಂಗೆಪ್ಪ ತಡೆದ.

"ಅದಾ? ಉಚ್ಚಂಗಿದುರ್ಗದ ಅಮ್ಮನೋರು ಇರ್ಬೇಕು ಅನ್ಕೊಂಡೀನಿ. ಅಮ್ಮನೋರು ಯಾಕ ತೂಕಡಿಸ್ತಾರೆ ಅಂತ ಒಂದ್ಸಲ ಕೇಳ್ದೆ. ಚಾಚಾ ಚಕ್ರ ತಿರುವ್ತಾನೇ ಇದ್ರು."

ಅಂದು ರಾತ್ರಿ ಉಣ್ಣುವಾಗ ಉಚ್ಚಂಗೆಪ್ಪ ವಿಷಯ ಹೇಳಿದ. ಓಬವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

"ಜೀವಂತ ಅದಾನಾ?"

"ಅದಾನಂತೆ."

"ಮತ್ತೆ ಕೂತೀರಲ್ಲ! ನಾಳೆ ಹೋಗ್ರಿ."

"ನಾಳೆ ಗೇಟು ಬಿಡಾಕಾಗಲ್ಲ."

ಓಬವ್ವ ಮತ್ತೆ ರೊಟ್ಟಿ ತಟ್ಟತೊಡಗಿದಳು. ಆದರೆ ಮರುದಿನ ಅದನ್ನೇ ಕೇಳಿದಳು, ಅದರ ಮರುದಿನವೂ ಕೇಳಿದಳು. ಆರನೆಯ ದಿನ ಭಾನುವಾರ. ಅವನು ಸ್ನಾನ ಮಾಡಿ ಬರುವಷ್ಟರಲ್ಲಿ ಅಂಗಿ ಧೋತರ ಮಡಿಸಿ ಕಟ್ಟೆಯ ಮೇಲೆ ಇಟ್ಟಿದ್ದಳು. "ಬೈದ್ರೆ ಬೈಸ್ಕೊಂಡು ಬರ್ರಿ," ಅಂದಳು. "ಹೊಡದ್ರೆ ಹೊಡಸ್ಕೊಂಡು ಬರ್ರಿ. ನೋಡ್ದಂಗ ಮಾತ್ರ ಬರಬ್ಯಾಡ್ರಿ."

ಖುದ್ದೂಸನ ಅಂಗಡಿ ಭಾನುವಾರವೂ ತೆರೆದಿತ್ತು. ಬೇಸಿಗೆಯಲ್ಲಿ ಮೋಟರುಗಳು ದಿನಕ್ಕೆ ಹತ್ತು ಸುಡುತ್ತಿದ್ದವು. ಬಾಗಿಲಿನ ತುಂಬ ಹೊಟ್ಟೆ ಬಿಚ್ಚಿದ ಪಂಪುಗಳು, ಸುಟ್ಟ ವಾರ್ನಿಷಿನ ವಾಸನೆ. ಖುದ್ದೂಸ್ ಇರಲಿಲ್ಲ. ಒಳಗೆ, ಗೋಡೆಗೆ ಒರಗಿ, ಬಲಗಾಲನ್ನು ನೀಟಾಗಿ ಮುಂದಕ್ಕೆ ಚಾಚಿಕೊಂಡು ಒಬ್ಬ ಮುದುಕ ಕೂತಿದ್ದ. ಎಡಗೈಯಲ್ಲಿ ತಾಮ್ರದ ತಂತಿ ಜಾರುತ್ತಿತ್ತು, ಬಲಗೈ ಚಕ್ರ ತಿರುವುತ್ತಿತ್ತು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದ. ತುಟಿ ಅಲುಗುತ್ತಿತ್ತು, ದನಿ ಹೊರಗೆ ಬರುತ್ತಿರಲಿಲ್ಲ.

ಉಚ್ಚಂಗೆಪ್ಪನ ನೆರಳು ಬಿದ್ದಾಗ ಮುದುಕ ತಲೆ ಎತ್ತದೆ ಎಡಗೈಯ ಕಿರುಬೆರಳನ್ನು ಮೇಲೆತ್ತಿದ. ಎಣಿಸುತ್ತಿದ್ದೇನೆ, ತಾಳು ಎಂದು. ಉಚ್ಚಂಗೆಪ್ಪ ಹೊಸ್ತಿಲ ಹೊರಗೇ ನಿಂತ. ಚಕ್ರ ತಿರುಗುತ್ತಲೇ ಇತ್ತು. ಮಾತಾಡಿಸಿದರೆ ಎಣಿಕೆ ತಪ್ಪುತ್ತದೆ, ಸುತ್ತಿದ್ದೆಲ್ಲ ಬಿಚ್ಚಬೇಕಾಗುತ್ತದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳು ಅಲ್ಲಿ ನಿಂತಿದ್ದ ಹೊತ್ತಿನಲ್ಲಿ ಒಂದೊಂದಾಗಿ ಮರೆತುಹೋದವು. ತುಟಿಗಳ ಆಡುವಿಕೆಯಲ್ಲೇ ಅವನಿಗೆ ಅಂಕಿಗಳು ತಿಳಿಯುತ್ತಿದ್ದವು.

ಕೊನೆಗೆ ಚಕ್ರ ನಿಂತಿತು. ಮುದುಕ ತಂತಿ ಕತ್ತರಿಸಿ, ತುದಿಗೆ ದಾರ ಕಟ್ಟಿ, ಕನ್ನಡಕದ ಮೇಲಿನಿಂದ ನೋಡಿದ.

"ಎಷ್ಟು ಎಚ್ಪಿದು ಸ್ವಾಮಿ, ಮೋಟ್ರು?"

"ಮೋಟ್ರು ತಂದಿಲ್ಲ ಲಿಂಗಾ. ನಾನು."

ಲಿಂಗಣ್ಣ ಬಹಳ ಹೊತ್ತು ನೋಡಿದ. ಮುಖದಲ್ಲಿ ಬೆರಗೂ ಕಾಣಲಿಲ್ಲ, ಸಿಟ್ಟೂ ಕಾಣಲಿಲ್ಲ. "ಒಳಗ್ ಬಾ," ಅಂದ. "ಬಿಸ್ಲಾಗ ಯಾಕ ನಿಂತೀ."

ಪಕ್ಕದ ಹೋಟೆಲಿಗೆ ಕೂಗಿ ಹೇಳಿ ಚಹಾ ತರಿಸಿದ. ಓಬವ್ವ ಹೇಗಿದ್ದಾಳೆಂದು ಕೇಳಿದ. ಕೇರಿಯಲ್ಲಿ ಯಾರ್ಯಾರು ಉಳಿದಿದ್ದಾರೆಂದು ಕೇಳಿದ. ಅಕ್ಕ ಹೋದ ಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲೇ ತನ್ನ ವಾಸವೆಂದ. ಈ ಕಸುಬು ಕಲಿಸಿದವನು ಖುದ್ದೂಸನ ತಂದೆಯಂತೆ. ಕಾಲು ಬೇಡ, ಎಣಿಕೆ ತಪ್ಪದಿದ್ದರೆ ಸಾಕು ಎಂದು ಕೂರಿಸಿಕೊಂಡನಂತೆ. ಬೇರೆ ಊರಿನ ಯಾರೋ ಪರಿಚಯಸ್ಥನ ಜೊತೆ ಮಾತಾಡಿದ ಹಾಗೆ ಆಡಿದ. ಚಹಾ ಮುಗಿಯಿತು. ಉಚ್ಚಂಗೆಪ್ಪ ಲೋಟವನ್ನು ಕೆಳಗಿಡಲಾರದೆ ಕೈಯಲ್ಲೇ ಹಿಡಿದಿದ್ದ.

"ಲಿಂಗಾ, ಆವತ್ತು ನಾ ಗಳದ ಮ್ಯಾಲೆ ಕಣ್ಣಿಟ್ಟಿರ್ಲಿಲ್ಲ. ಅತ್ಲಾಗ ನೋಡ್ದೆ. ಪಂಪು ಬರ್ತಿತ್ತು..."

"ಗೊತ್ತೈತೆ."

"ಗೊತ್ತೈತಾ?"

"ನಾನೂ ಅದನ್ನೇ ನೋಡ್ತಿದ್ದೆ." ಲಿಂಗಣ್ಣ ತಂತಿಯ ಚೂರೊಂದನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ. "ನೀ ಕೆಳಗಿದ್ದೆ, ಗಾಡಿ ಏರಿ ಇಳಿದ ಮ್ಯಾಲೆ ಕಂಡಿ. ನಾ ಮ್ಯಾಲಿದ್ದೆ. ಏರಿ ಮ್ಯಾಲೆ ಬರೋವಾಗ್ಲೇ ನನಗೆ ಕಂಡಿತ್ತು. ಮರ ಬಗ್ಗಲಿಲ್ಲ ಅಂದ್ರೆ ಬಾನಿ ಎಲ್ಲೋ ಸಿಕ್ಕೈತೆ, ನಿಲ್ಬೇಕು. ಹದಿನಾರು ವರ್ಷ ಹೊಡೆದೋನಿಗೆ ಅಷ್ಟು ಗೊತ್ತಾಗಲ್ವೇನೋ? ಹೂವಿನ ಹಾರ ನೋಡ್ಕೊಂತ ಹೆಜ್ಜಿ ಇಟ್ಟೆ."

ಉಚ್ಚಂಗೆಪ್ಪ ಇಷ್ಟು ವರ್ಷ ಹೊತ್ತಿದ್ದು ಅರ್ಧ ಇಳಿಯಿತೆನ್ನುವಷ್ಟರಲ್ಲಿ ಲಿಂಗಣ್ಣನ ದನಿ ಬದಲಾಯಿತು.

"ಕಾಲು ಹೋಗಿದ್ದಕ್ಕೆ ನಿನ್ನ ಮ್ಯಾಲೆ ನನಗೆ ಯಾವತ್ತೂ ಸಿಟ್ಟು ಬಂದಿಲ್ಲ ಉಚ್ಚಂಗಿ. ಆದ್ರ ನೀ ಬರ್ಲಿಲ್ಲ ನೋಡು. ಮೂರು ತಿಂಗ್ಳು ಅಕ್ಕನ ಮನಿ ಜಗಲಿ ಮ್ಯಾಲೆ ಮಲಗಿದ್ದೆ. ಎದುರಿಗೇ ರಸ್ತೆ. ದಾವಣಗೆರೆ ಕಡೆಯಿಂದ ಬಸ್ಸು ಬಂದು ನಿಂತಾಗೆಲ್ಲ ಇಳಿಯೋರ ಮುಖ ನೋಡ್ತಿದ್ದೆ. ಅಕ್ಕ ಬೈತಿದ್ಲು, ಒಳಗ ಮಲಗೋ, ಧೂಳು ಅಂತ. ನಾ ಒಲ್ಲೆ ಅಂದೆ. ನಾಳೆ ಬರ್ತಾನೆ, ಸಂತಿ ದಿನ ಬರ್ತಾನೆ ಅಂತ." ಬೆರಳಿನ ತಂತಿ ಬಿಚ್ಚುತ್ತ, "ಆಮ್ಯಾಲೆ ಒಳಗೇ ಮಲಗಿದೆ," ಅಂದ.

ಉಚ್ಚಂಗೆಪ್ಪ ಅತ್ತ. ಅಂಗಡಿಯ ಬಾಗಿಲಲ್ಲಿ ಯಾರೋ ಮೋಟರು ಇಳಿಸುತ್ತಿದ್ದರು, ಅವರು ನೋಡುತ್ತಾರೆಂಬ ನಾಚಿಕೆಯೂ ಅವನಿಗಾಗಲಿಲ್ಲ. ಲಿಂಗಣ್ಣ ಸಮಾಧಾನ ಹೇಳಲಿಲ್ಲ, ಹೋಗಲಿ ಬಿಡು ಅನ್ನಲೂ ಇಲ್ಲ. ಅಳು ನಿಂತ ಮೇಲೆ ಬೇರೆಯೇ ಒಂದು ಮಾತು ಕೇಳಿದ.

"ಬಾವಿ ಹೆಂಗೈತೋ?"

"ಮುಚ್ಚಿದ್ರು."

"ಯಾವಾಗ?"

"ಮೂರು ವರ್ಷಾತು. ಸಾವ್ಕಾರ್ರು ಹೋದ್ ಮ್ಯಾಲೆ ಮಕ್ಳು ತೋಟಾನ ಸೈಟು ಮಾಡಿದ್ರು."

"ನೀ ಇದ್ಯಾ ಮುಚ್ಚೋವಾಗ?"

"ಇದ್ದೆ."

"ಹೇಳು," ಎಂದು ಲಿಂಗಣ್ಣ ಕನ್ನಡಕ ತೆಗೆದು ಪಕ್ಕಕ್ಕಿಟ್ಟ. ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ. "ಎಲ್ಲಾ ಹೇಳು."

ಉಚ್ಚಂಗೆಪ್ಪ ಹೇಳತೊಡಗಿದ. ಮೊದಲು ಎಲೆಬಳ್ಳಿ ಕಿತ್ತರು. ಬಳ್ಳಿ ಹಬ್ಬಿದ್ದ ನುಗ್ಗೆ, ಚೊಗಚೆ ಮರಗಳನ್ನು ಕಡಿದರು. ಏತದ ಕಂಬ ಅಷ್ಟು ವರ್ಷವೂ ಅಲ್ಲೇ ನಿಂತಿತ್ತು, ಅದಕ್ಕೆ ಪಂಪಿನ ತಂತಿ ಕಟ್ಟಿದ್ದರು. ಬುಡ ಅಗೆದಾಗ ಆಳುದ್ದ ಒಳಗಿತ್ತು, ನಾಲ್ಕು ಜನಕ್ಕೂ ಅಲುಗಲಿಲ್ಲ, ಟ್ರಾಕ್ಟರಿಗೆ ಹಗ್ಗ ಹಾಕಿ ಎಳೆದರು. ಆಮೇಲೆ ಗ್ರಾವೆಲ್ ಬಂತು. ಮೊದಲ ಟ್ರೈಲರು ಸುರಿದಾಗ ಬಾವಿಯಲ್ಲಿ ಇನ್ನೂ ಎರಡು ಆಳು ನೀರಿತ್ತು, ಮೇಲಕ್ಕೆ ಚಿಮ್ಮಿತು. ಕಪ್ಪೆಗಳು ಗೋಡೆ ಹತ್ತಿಕೊಂಡು ಬಂದವು.

"ಮರ? ನಾ ನಡೀತಿದ್ದ ಮರ?"

"ಅದನ್ನ ಸಾವ್ಕಾರ್ರು ಆಗ್ಲೇ ದನದ ಕೊಟ್ಟಿಗಿಗೆ ತೊಲೆ ಮಾಡ್ಸಿದ್ರು. ನಿನ್ನ ಕಾಲಿಗೆ ಜಾರಬಾರ್ದು ಅಂತ ಉಳಿಯಿಂದ ಕಚ್ಚು ಹಾಕಿದ್ವಲ್ಲ, ಅವು ಹಂಗೇ ಅದಾವೆ. ನಡುವಿನ ಕಚ್ಚು ಸವದು ನುಣ್ಣಗಾಗ್ಯಾವೆ."

ಲಿಂಗಣ್ಣ ಕಣ್ಣು ತೆರೆಯಲಿಲ್ಲ. "ನಡುವಿನವು," ಎಂದಷ್ಟೇ ಅಂದ. ಚಾಚಿದ ಕಾಲಿನ ಬೆರಳುಗಳು ಒಮ್ಮೆ ಮಡಿಸಿಕೊಂಡು ಬಿಡಿಸಿಕೊಂಡವು.

ಖುದ್ದೂಸ್ ಬಂದಾಗ ಮಧ್ಯಾಹ್ನ ಮೀರಿತ್ತು. ಗೇಟಿನ ಅಜ್ಜ ಇಲ್ಲಿ ಕೂತಿರುವುದನ್ನು ಕಂಡು ಅಚ್ಚರಿಪಟ್ಟ. "ಅರೆ, ನೀವು ಬಂದ್ರಾ? ಚಾಚಾ, ಇವ್ರು ನಿಮ್ಮ ಪೈಕಿನಾ?"

"ಹೂಂ," ಅಂದ ಲಿಂಗಣ್ಣ. "ತೂಕಡಿಸಿದೋನು ಇವ್ನೇ."

ಖುದ್ದೂಸ್ ಜೋರಾಗಿ ನಕ್ಕ. ಅವರಿಬ್ಬರೂ ನಗದಿದ್ದುದನ್ನು ಕಂಡು ನಗು ನಿಲ್ಲಿಸಿ ಮೋಟರಿನ ಕಡೆ ಹೋದ.

ಹೊರಡುವಾಗ ಉಚ್ಚಂಗೆಪ್ಪ, ಒಂದು ದಿನ ಬಾತಿಗೆ ಬಾ, ಆಟೋ ಮಾಡಿಕೊಂಡು ನಾನೇ ಕರೆದೊಯ್ಯುತ್ತೇನೆ ಅಂದ. ಲಿಂಗಣ್ಣ ತಲೆಯಾಡಿಸಿದ. "ಬ್ಯಾಡ. ಅಲ್ಲಿ ಈಗ ಮನಿ ಆಗ್ಯಾವೆ ಅಂತಿ. ಮನಿ ನೋಡಾಕ ನಾ ಬರ್ಲೇನು? ನೀನೇ ಬಾ. ಬರ್ತೀಯಾ?"

"ಬರ್ತೀನಿ."

"ಹಂಗೇ ಅಂದ್ಕೊಂಡಿದ್ದೆ ಆಗ್ಲೂ," ಎಂದು ಲಿಂಗಣ್ಣ ಕನ್ನಡಕ ಹಾಕಿಕೊಂಡು ಹೊಸ ತಂತಿಯ ಸುರುಳಿಯನ್ನು ಹತ್ತಿರಕ್ಕೆಳೆದ.

ಆ ಮಾತು ಬಸ್ಸಿನಲ್ಲಿ ಉಚ್ಚಂಗೆಪ್ಪನನ್ನು ಬಿಡಲಿಲ್ಲ. ತಾನು ತಪ್ಪು ಒಪ್ಪಿಕೊಳ್ಳಲು ಹೋಗಿದ್ದ, ಆದರೆ ಲಿಂಗಣ್ಣ ಅದನ್ನು ತಪ್ಪೆಂದು ಎಣಿಸಿಯೇ ಇರಲಿಲ್ಲ. ಇದ್ದದ್ದು ಬೇರೆ, ಅದನ್ನು ಒಪ್ಪಿಕೊಂಡರೂ ತಿದ್ದಲು ಬರುವುದಿಲ್ಲ. ಜಗಲಿಯ ಮೇಲೆ ಮಲಗಿದವನ ಮೂರು ತಿಂಗಳನ್ನು ಈಗ ಯಾವ ಬಸ್ಸು ಹತ್ತಿ ಹೋಗಿ ತುಂಬಿಕೊಡುವುದು?

ಮನೆಯಲ್ಲಿ ಓಬವ್ವ ಬಾಗಿಲಲ್ಲೇ ಕಾದಿದ್ದಳು. "ಏನಂದ?" ಎಂದಳು. ಉಚ್ಚಂಗೆಪ್ಪ ಕಾಲು ತೊಳೆದು ಒಳಗೆ ಬಂದು ಕೂತ. ತಟ್ಟೆ ಬಂತು. ಎರಡು ತುತ್ತು ಉಂಡ ಮೇಲೆ ಹೇಳಿದ.

"ಭಾಳ ಸಣ್ಣಾಗ್ಯಾನೆ."

"ಯಾರು ಮಾಡಿ ಹಾಕ್ತಾರೆ ಅವ್ನಿಗೆ?"

"ಹೋಟ್ಲಾಗ ಉಣ್ತಾನಂತೆ."

ಮುಂದಿನ ಭಾನುವಾರ ಓಬವ್ವ ಬೆಳಿಗ್ಗೆ ಬೇಗನೆ ಎದ್ದು ರೊಟ್ಟಿ ತಟ್ಟಿ, ಎಣಗಾಯಿ ಪಲ್ಯ ಮಾಡಿ, ಶೇಂಗಾ ಚಟ್ನಿಯ ಪೊಟ್ಟಣ ಕಟ್ಟಿ ಗಂಡನ ಕೈಗೆ ಕೊಟ್ಟಳು. ಸೆರಗು ಹೊದ್ದುಕೊಂಡು, "ನಡೀರಿ, ಬಸ್ಸು ಬಂತು," ಎಂದು ತಾನೇ ಮುಂದಾಗಿ ರಸ್ತೆಗೆ ಇಳಿದಳು.